ಗಿಡ್ಡ ಸ್ಕ್ರೂ ಹಾಕಿದ ಚಿಲಕ

14 ನವೆಂಬರ್ 2013, ಗುರುವಾರ. ಸಹಕಾರನಗರ.

ಬೆಳಿಗ್ಗೆ ಮಾವ ಬಾತ್‌ರೂಮಿನಲ್ಲಿ ಸಿಕ್ಕಿಕೊಂಡಿದ್ದು ಇನ್ನೂ ಕಣ್ಣ ಮುಂದೆಯೇ ಇದೆ. ಚಿಲಕ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ನನ್ನನ್ನು ಕೂಗಲು ನಾಚಿ ಚೊಂಬಿನಿಂದ ಬಾಗಿಲು ಕುಟ್ಟುತ್ತಿದ್ದರು. ನನಗೆ ಕೇಳಿದ್ದು ಎಷ್ಟೋ ಹೊತ್ತಿನ ಮೇಲೆ. ಎದುರುಮನೆ ಗಯಾಸ್ ಬಂದು ಭುಜ ಕೊಟ್ಟು ತಳ್ಳಿ ಬಾಗಿಲು ತೆರೆದರು.

“ಇನ್ಮೇಲೆ ಚಿಲಕ ಬೇಡ ಮಾವ, ಬಾಗಿಲು ಮುಂದಕ್ಕೆ ಹಾಕ್ಕೊಳ್ಳಿ ಸಾಕು” ಅಂದೆ. ಹೋದ ತಿಂಗಳಷ್ಟೇ ತಲೆ ಸುತ್ತಿ ಬಿದ್ದವರು.

“ಸೊಸೆ ಓಡಾಡೋ ಮನೇಲಿ ಚಿಲಕ ಆಕ್ದೆ ಎಂಗಮ್ಮ?”

ಹೊಸ ಚಿಲಕ ತಂದು ನಾನೇ ಕೂರಿಸಿದೆ. ಆದರೆ ಅದು ಹೋಗಿ ಕೂರುವ ಚೌಕಟ್ಟಿನ ಕೊಂಡಿಗೆ ಬೇಕೆಂದೇ ಗಿಡ್ಡ ಸ್ಕ್ರೂ ಹಾಕಿದ್ದೇನೆ. ಹೊರಗಿನಿಂದ ನಾನೊಬ್ಬಳೇ ತಳ್ಳಿದರೂ ಕಿತ್ತು ಬರುತ್ತದೆ. ಯಜಮಾನರಿಗೂ ಹೇಳಿಲ್ಲ. ಮಾವ ಒಳಗಿನಿಂದ ಹಾಕಿ ನೋಡಿ, “ಗಟ್ಟಿಯಾಗೈತೆ ಕಣಮ್ಮ” ಅಂದರು. ನಾನು ಮುಖ ಎತ್ತಲಿಲ್ಲ.

ಏನೂ ಆಗದಿದ್ದಾಗ ನಾನು ಸುಮ್ಮನೆ ಹೆದರಿ ಬಾಗಿಲು ತಳ್ಳಿಬಿಟ್ಟರೆ, ನಾಚಿಕೆಗೆ ಮತ್ತೆಂದೂ ಅವರು ನನ್ನ ಕೈಯಿಂದ ಕಾಫಿ ಲೋಟ ತೆಗೆದುಕೊಳ್ಳಲಾರರು. ತಡ ಮಾಡಿದರೆ?

ಈಗ ಮಾವ ಎದ್ದು ಬಾತ್‌ರೂಮಿಗೆ ಹೋದರು. ಚಿಲಕ ಹಾಕಿದ ಸದ್ದು ಬಂತು. ನೀರಿನ ಸದ್ದು ಇನ್ನೂ ಬಂದಿಲ್ಲ. ಬಾಗಿಲ ಹತ್ತಿರ ಹೋಗಿ ನಿಂತರೆ ಅವರಿಗೆ ಗೊತ್ತಾಗುತ್ತದೆ. ಇಲ್ಲೇ ಬರೆಯುತ್ತಾ ಕೂತಿದ್ದರೆ, ಬೆಳಿಗ್ಗೆಯಂತೆ ತಡವಾಗಿ—