ಧೂಳು ಹಿಡಿಯದ ಕಪಾಟು

ಗ್ರಂಥಾಲಯದ ಹಿಂದಿನ ಕೋಣೆ
ಶನಿವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮೊಣಕೈ ನೋವು ಇಳಿಯಿತೇ? ಅಮ್ಮ ದಿನಕ್ಕೆರಡು ಸಲ ಕೇಳುತ್ತಾಳೆ. ಉತ್ತರ ಅವಳಿಗೇ ಬರೆ. ನನಗಂತೂ ಈಗ ನಿಧಾನವಾಗಿ ಬರೆಯುವ ತಾಳ್ಮೆಯೇ ಇಲ್ಲ. ಬೆಳಗ್ಗೆ ಬಾಗಿಲು ತೆಗೆದವಳೇ ಕಪಾಟುಗಳ ಮೇಲೆ ಬೆರಳಾಡಿಸಿದೆ. ಇತಿಹಾಸದ ಮೇಲೆ ಧೂಳು, ಕಾನೂನಿನ ಮೇಲೆ ಧೂಳು, ಕವಿತೆಯ ಕಪಾಟಿನಲ್ಲಿ ಹುಡುಕಿದರೂ ಇಲ್ಲ! ವರ್ಷಕ್ಕೆ ಒಂಬತ್ತೇ ಪುಸ್ತಕ ಮನೆಗೆ ಹೋಗಿವೆ ಎಂದು ರಿಜಿಸ್ಟರ್ ತೋರಿಸಿ, ಸೋಮವಾರದ ಸಭೆಯಲ್ಲಿ ಸಮಿತಿಯವರು ತೆಗೆಸಿಬಿಡಬೇಕು ಅಂದುಕೊಂಡಿರುವುದು ಇದೇ ಕಪಾಟನ್ನು.

ನೀನು ಕಳಿಸಿದ ಅರ್ಥಶಾಸ್ತ್ರದ ಪುಸ್ತಕವನ್ನು ಮೊದಲು ಮೂಗು ಮುರಿದೇ ತೆರೆದದ್ದು. "ಸಾಹಿತ್ಯ ಓದಿದವರು ಬೆರಳು ಮಡಿಚಿ ಎಣಿಸೋಕೂ ಹೆದರ್ತೀರಲ್ಲೇ" ಅಂತ ನೀನು ಕೆಣಕುತ್ತಿದ್ದದ್ದು ಮರೆತಿರಲಿಲ್ಲ. ಆದರೆ ಆ ಲೇಖಕಿ ಪಕ್ಕದಲ್ಲೇ ಕೂತು ಹೇಳಿದ ಹಾಗಿತ್ತು: ಯಾವ ಅಂಕಿ ಕಂಡರೂ, ಇದು ಏನನ್ನು ಎಣಿಸದೆ ಬಿಟ್ಟಿದೆ ಎಂದು ಕೇಳಿ. ಅಕ್ಕಾ, ರಿಜಿಸ್ಟರ್ ಬಿಟ್ಟದ್ದು ಇಲ್ಲೇ ಕೂತು ಓದುವವರನ್ನು! ಹನ್ನೆರಡು ದಿನ, ಸಂಜೆ ಮೇಜುಗಳ ಮೇಲೆ ಉಳಿದ ಪುಸ್ತಕಗಳನ್ನೆಲ್ಲ ಎಣಿಸಿದೆ. ಕವಿತೆಯವೇ ಅರವತ್ತೊಂದು! ಕುಣಿಯುವುದೊಂದು ಬಾಕಿ.

ನಿನ್ನೆ ಮಧ್ಯಾಹ್ನ ನೋಡಿದರೆ, ದಿನಾ ದಪ್ಪನೆಯ ಕವನಸಂಕಲನ ಇಳಿಸಿಕೊಳ್ಳುವ ನಿವೃತ್ತ ದರ್ಜಿ ಅದರ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದರು. ಎದ್ದ ಮೇಲೆ ಹೆದರುತ್ತಲೇ ಕೇಳಿದೆ. "ಓದಲ್ಲಮ್ಮಾ, ಇದರ ಎತ್ತರ ಕತ್ತಿಗೆ ಸರಿಹೋಗುತ್ತೆ" ಅಂದರು. ದರ್ಜಿಯಲ್ಲವೇ, ಅಳತೆ ತಪ್ಪುತ್ತದೆಯೇ! ದಿನಕ್ಕೊಂದರಂತೆ ಹನ್ನೆರಡು ಹೋಯಿತು, ಉಳಿದದ್ದು ನಲವತ್ತೊಂಬತ್ತು. ಹಿರಿಯ ಗ್ರಂಥಪಾಲಕಿಗೆ ನನ್ನ ಮೇಲೆ ಅಕ್ಕರೆ. "ಅರವತ್ತೊಂದೇ ಬರ್ಕೊಡು, ಯಾರು ಕೇಳ್ತಾರೆ? ಸಭೇಲಿ ನಾನೇ ಓದ್ತೀನಿ, ನಿನಗೆ ಬಾಯಿ ಎಲ್ಲಿದೆ?" ಅಂದರು. ಬಾಯಿ ಇಲ್ಲದ್ದೇನೋ ನಿಜ. ಹಾಜರಿ ಕರೆದಾಗಲೂ ನನ್ನ ಬದಲು ಗೆಳತಿಯೇ ಕೂಗುತ್ತಿದ್ದಳಲ್ಲ.

ಭಾವನಿಗೆ ನಮಸ್ಕಾರ. ಪುಟ್ಟಿಗೆ ಎರಡು ಮುತ್ತು. ಮೂರನೆಯದು ಪುಸ್ತಕದ ಬಾಬ್ತು ನಿನಗೆ.

ನಿನ್ನ
ಪಿಸುಗುಬ್ಬಿ

ತಾ.ಕ.: ಲೆಕ್ಕ ಬರೆದ ಹಾಳೆಯನ್ನು ಗ್ರಂಥಪಾಲಕಿಗೆ ಕೊಟ್ಟಿಲ್ಲ, ನನ್ನ ಚೀಲದಲ್ಲೇ ಇದೆ. ಸೋಮವಾರ ನಾನೇ ಎದ್ದು ನಿಲ್ಲುತ್ತೇನೆ. ದಿನಕ್ಕೆ ನಾಲ್ಕು ಅನ್ನುತ್ತೇನೆ, ಐದು ಅನ್ನುವುದಿಲ್ಲ. ಯಾಕೆ ನಾಲ್ಕು ಎಂದು ಕೇಳಿದರೆ ದರ್ಜಿಯವರ ದಿಂಬಿನ ಕಥೆಯನ್ನೂ ಹೇಳುತ್ತೇನೆ, ಎಲ್ಲರಿಗೂ ಕೇಳಿಸುವ ಹಾಗೆ.