ಕ್ಲಿನಿಕ್ಕಿನ ಗೋಡೆಯ ಕಲ್ಲುಹೂ

ಜುಲೈ ೧೪

ಪ್ರೀತಿಯ ಚಿನ್ನಿ,

ಹೇಗಿದ್ದೀಯ? ಅಳಿಯಂದಿರ ಬೆನ್ನುನೋವು ಕಮ್ಮಿಯಾಯಿತೇ? ನಿನ್ನ ಮೆಸೇಜುಗಳಿಗೆ ಉತ್ತರಿಸದೆ ಇಷ್ಟು ದಿನ ಸತಾಯಿಸಿದೆನೆಂದು ಬೇಸರ ಮಾಡಿಕೊಳ್ಳಬೇಡ. ಫೋನೆತ್ತಿದರೆ ಹೇಳಬೇಕಾದದ್ದು ಬಿಟ್ಟು ಬೇರೇನೋ ಮಾತಾಡಿ ಇಡುತ್ತೇನೆ. ಕಾಗದದಲ್ಲಾದರೆ ಆ ಫಜೀತಿಯಿಲ್ಲ.

ನೀನು ವಾಪಸು ಕಳಿಸಿದ ಪಿಂಗಾಣಿ ಕಲ್ಲುಹೂಗಳ ಪೆಟ್ಟಿಗೆಗಳು ತಲುಪಿವೆ. ಪೇಪರು ಸುತ್ತಿದ್ದರೂ ದೊಡ್ಡವು ಒಂದೆರಡು ಒಡೆದಿವೆ. ನಿಮ್ಮಪ್ಪ ಚೂರುಗಳನ್ನು ಟೇಬಲ್ಲಿನ ಮೇಲೆ ಹರಡಿಕೊಂಡು, "ಅಂಟಿಸಿದ್ರೆ ಗೊತ್ತೇ ಆಗಲ್ಲ ಕಣೇ" ಎನ್ನುತ್ತಾ ಕೂತಿದ್ದರು. "ಅಂಟಿಸಿ ಎಲ್ಲಿ ಹಾಕ್ತೀರಿ, ನಿಮ್ಮ ತಲೆ ಮೇಲಾ?" ಎಂದೆ. ಪಾಪ, ಎದ್ದು ಹೋದರು. ನಿನ್ನ ಮೇಲಿನ ಸಿಟ್ಟಿಗೆಲ್ಲ ಈಗ ಅವರೇ ಗುರಿ.

ಕೇಳಿದ್ದು ನೀನೇ ಅಲ್ಲವೇ? "ಅಮ್ಮಾ, ಹೊಸ ಕ್ಲಿನಿಕ್ಕಿನ ಗೋಡೆ ಬೋಳುಬೋಳಾಗಿದೆ, ನಿನ್ನ ಕೈಯಿಂದ ಏನಾದ್ರೂ ಮಾಡ್ಕೊಡು. ಗುಲಾಬಿ, ಗಿಳಿ ಬೇಡ, ಅವು ಎಲ್ಲಾ ಕಡೆ ಇರ್ತವೆ" ಎಂದೆ. ಆ ಮಾತಿಗೆ ನಾನು ಉಬ್ಬಿಹೋದೆ. ಚಳಿಗಾಲವಿಡೀ ಹಿತ್ತಲಿನ ಕಾಂಪೌಂಡಿನ ಮುಂದೆ ಭೂತಗನ್ನಡಿ ಹಿಡಿದು ಕುಕ್ಕರುಗಾಲಲ್ಲಿ ಕೂತೆ. ಕಲ್ಲಿಗೆ ಅಂಟಿದ ಕಲ್ಲುಹೂಗಳಲ್ಲಿ ಅಂಚು ಮಡಿಚಿದ ಬೂದಿಬಣ್ಣದ್ದು, ಸಾಸಿವೆಪುಡಿ ಚೆಲ್ಲಿದಂಥ ಹಳದಿಯದು, ಸಣ್ಣ ಬಟ್ಟಲುಗಳನ್ನು ಎತ್ತಿ ಹಿಡಿದದ್ದು, ಎಲ್ಲವನ್ನೂ ಮಣ್ಣಿನಲ್ಲಿ ತಂದೆ. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ, "ಏನು ಕಳ್ಕೊಂಡ್ರಿ?" ಎಂದು ಕೇಳುತ್ತಿದ್ದರು. ಹಳದಿ ಮಾತ್ರ ಒಲಿಯಲೊಲ್ಲದು. ಸುಡುವ ಗೂಡು ತೆರೆದಾಗಲೆಲ್ಲ ಕಂದುಬಣ್ಣವಾಗಿ ಬರುತ್ತಿತ್ತು. ಕೊನೆಗೆ ಬಣ್ಣ ಕೂರುವ ಹೊತ್ತಿಗೆ ನನ್ನ ಬೆರಳ ಸಂದುಗಳೆಲ್ಲ ಬಿರಿದಿದ್ದವು. ಚರ್ಮದ ಡಾಕ್ಟರು ನೀನು, ನೀನೇ ಮುಲಾಮು ಕೊಟ್ಟೆ.

ಗೋಡೆಗೆ ಹಾಕಿಸಿದ ದಿನ ನನ್ನನ್ನು ತಬ್ಬಿಕೊಂಡೆ. ತಿಂಗಳು ತುಂಬುವ ಮೊದಲೇ ಫೋನು. "ಅಮ್ಮಾ, ತಪ್ಪು ತಿಳ್ಕೋಬೇಡ. ಬಂದೋರು ಗೋಡೆ ನೋಡಿ, ನಮ್ಗೂ ಹಿಂಗೇ ಆಗುತ್ತಾ ಡಾಕ್ಟ್ರೇ ಅಂತಾರೆ. ಒಬ್ರಂತೂ ಹುಳುಕಡ್ಡಿ ಅಂದ್ಕೊಂಡು ಕುರ್ಚೀನೇ ಬದಲಾಯಿಸಿದ್ರು."

ನಗು ಬಂತು, ನಿಜ. ನಿನ್ನ ಮಾತಿನಲ್ಲಿ ನ್ಯಾಯವೂ ಇತ್ತು. ಹೆದರಿ ಬಂದವರಿಗೆ ಕಲ್ಲುಹೂವಿನ ಚೆಂದ ವಿವರಿಸುತ್ತ ಕೂರಲು ನಿನಗೆ ಪುರುಸೊತ್ತೆಲ್ಲಿ? "ತೆಗೆಸಮ್ಮಾ, ಅದಕ್ಕೇನಂತೆ" ಎಂದೆ ನಾನು. ಈಗ ಅಲ್ಲಿ ಜಲಪಾತದ ಚಿತ್ರ ಇದೆಯಂತೆ, ನಿಮ್ಮಪ್ಪ ಹೇಳಿದರು. ಇರಲಿ, ಜಲಪಾತ ಯಾರಿಗೂ ಅಂಟುವುದಿಲ್ಲ.

ಪೆಟ್ಟಿಗೆಗಳನ್ನು ಅಟ್ಟಕ್ಕೆ ಹಾಕಿಸಿದ್ದೇನೆ. ಈಗ ಮಣ್ಣಿನಲ್ಲಿ ಜಿಗಣೆ ಮಾಡುತ್ತಿದ್ದೇನೆ. ಗಾಬರಿಯಾಗಬೇಡ, ನಿನಗಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈಗುಣ ಹೆಚ್ಚಲಿ, ಕ್ಲಿನಿಕ್ಕು ಸದಾ ತುಂಬಿರಲಿ.

ನಿನ್ನ
ಅಮ್ಮ

ತಾ.ಕ.: ತೆಗೆಸಿದ್ದಕ್ಕೆ ನನಗೆ ನೋವಿಲ್ಲ. ನೀನು ಫೋನು ಮಾಡುವ ಹಿಂದಿನ ದಿನ, ಗೋಡೆಯನ್ನು ಇನ್ನೊಮ್ಮೆ ನೋಡುವ ಆಸೆಗೆ ಹೇಳದೇ ಕ್ಲಿನಿಕ್ಕಿಗೆ ಬಂದಿದ್ದೆ. ಮಣ್ಣು ಮೆತ್ತಿದ ಕೆಲಸದ ಬಟ್ಟೆಯಲ್ಲೇ, ರೋಗಿಗಳ ನಡುವೆ ಕೂತಿದ್ದೆ. ನೀನು ಬಾಗಿಲು ತೆರೆದಾಗ ಒಬ್ಬಾಕೆ, "ಇದ್ಯಾರು ಮಾಡಿದ್ದು ಡಾಕ್ಟ್ರೇ, ನೋಡಿದ್ರೇನೇ ಮೈಯೆಲ್ಲ ತುರಿಸುತ್ತೆ" ಎಂದರು. ನೀನು ನಕ್ಕು, "ಯಾರೋ ಮಣ್ಣಿನ ಕೆಲ್ಸದೋರು. ಬೇಡ ಅಂದ್ರೂ ತಂದು ಹಾಕಿಬಿಟ್ರು" ಎಂದೆ. ಅಷ್ಟರಲ್ಲಿ ನಿನ್ನ ಕಣ್ಣು ನನ್ನ ಮೇಲೆ ಬಿತ್ತು. ಕಣ್ಣಿಗೆ ಕಣ್ಣು ಸೇರಿತು, ಚಿನ್ನಿ. ನೀನು ಮುಖ ತಿರುಗಿಸಿ, "ಮುಂದಿನೋರು ಬನ್ನಿ" ಎಂದೆ.