ಅವಲಕ್ಕಿ ತಿಂದ ಮಡಿವಾಳ ಹಕ್ಕಿ

ಏಪ್ರಿಲ್ 10, 2024, ಬುಧವಾರ

ಒಪ್ಪೊತ್ತಿನ ಎರಡನೇ ದಿನ. ರಾಮನವಮಿವರೆಗೆ ಹೀಗೇ. ಬಾಗಿಲು ಸಾರಿಸಿ, ರಂಗೋಲಿ ಬಿಟ್ಟು, ದೇವರ ಪಾತ್ರೆ ಬೆಳಗಿದ್ದಾಯಿತು. ಹಿತ್ತಲಲ್ಲಿ ನುಗ್ಗೆಯ ಪೊಟರೆ ಕೊಂಬೆ ಮುರಿದು ಬಿದ್ದಿದೆ. ಪಕ್ಕದಲ್ಲೇ ಮಡಿವಾಳ ಹಕ್ಕಿಯ ಮರಿ. ತಾಯಿಯ ಸುಳಿವಿಲ್ಲ.

"ಹುಳ ಹಾಕೇ. ಅದ್ಕೂ ಒಪ್ಪೊತ್ತು ಮಾಡಿಸ್ತೀಯಾ?" ಅಂದರು ಇವರು.

ವ್ರತದ ಮನೆಗೆ ಹುಳವೇ? ಹಾಲಲ್ಲಿ ನೆನೆಸಿದ ಅವಲಕ್ಕಿ ಕೊಟ್ಟೆ.

ಏಪ್ರಿಲ್ 18, ಗುರುವಾರ

ವ್ರತ ಮುಗಿಯಿತು. ಗೆದ್ದಲು ತಂದು ಹಾಕಿದೆ. ಮರಿ ನುಂಗಿದ ರೀತಿ ನೋಡಿ… ಎಂಟು ದಿನವೂ ಹಸಿದೇ ಇತ್ತೇ? ಶ್ರೀರಾಮ.

ಮಾರ್ಚ್ 9, 2025, ಭಾನುವಾರ

ಹಕ್ಕಿ ಹಿತ್ತಲು ಬಿಟ್ಟು ಹೋಗಿಲ್ಲ. ಈಗ ಹಾಡು ಶುರು. ಎದುರುಮನೆ ತೆಂಗಿನ ಮೇಲಿನದು ಉದ್ದಕ್ಕೆ ಹಾಡುತ್ತದೆ, ಹೊಸ ಹೊಸದಾಗಿ. ನಮ್ಮದು ಎರಡು ಚೂರು — ನಿಂತಿತು. ಮತ್ತೆ ಅದೇ ಎರಡು.

ತಂಗಿ ನೇತ್ರಾವತಿಯ ಮಗಳು ಮಾನಸಾ ಹಾಸ್ಟೆಲ್‌ನಿಂದ ಬಂದಿದ್ದಳು. ಓದುವುದು ಝೂವಾಲಜಿ, ಎಲ್ಲಕ್ಕೂ ಉತ್ತರ ಇದೆ.

"ಮರಿ ಇದ್ದಾಗ ಹೊಟ್ಟೆಗೆ ಸಾಲ್ದಿದ್ರೆ ಮೆದುಳಲ್ಲಿ ಹಾಡೋ ಜಾಗಾನೇ ಸರಿಯಾಗಿ ಬೆಳೆಯಲ್ಲ ದೊಡ್ಡಮ್ಮ. ಅಪ್ಪನ ಹಾಡು ಕಿವಿಗೆ ಬೀಳದಿದ್ರೂ ಕಲಿಯಲ್ಲ."

"ದಿನಾ ರಾಮಾಯಣ ಓದ್ತಿದ್ದೆ ಕಣೇ, ಅದು ಬಿದ್ದಿಲ್ವಾ?"

ನಕ್ಕಳು. "ಕೊಟ್ಟಿದ್ದು ಅವಲಕ್ಕಿ, ಕಲಿಸಿದ್ದು ರಾಮಾಯಣ. ಪಾಪ, ಅದರ ತಪ್ಪೇನಿದೆ?"

ಸಂಜೆ

ಅದರ ತಪ್ಪೇನಿದೆ. ಬೆಳಿಗ್ಗೆಯಿಂದ ಅದೇ ಮಾತು ತಲೆಯಲ್ಲಿ.

ಹುಲಿಯೂರುದುರ್ಗದ ತವರುಮನೆ. ಅವ್ವ ದೊಡ್ಡಗಂಗಮ್ಮ ರಾಗಿ ಬೀಸುತ್ತಾ ಪದ ಹೇಳುತ್ತಿದ್ದಳು. ನಾನು ತೊಡೆಗೆ ಒರಗಿ ಕೇಳುತ್ತಿದ್ದೆ. ಕಲ್ಲಿನಿಂದ ಉದುರಿದ ಹಿಟ್ಟು ಬೆಚ್ಚಗೆ… ಇವತ್ತೂ ಕೈಗೆ ನೆನಪಿದೆ. ನೇತ್ರಾ ಹುಟ್ಟಿದಾಗ ಅವ್ವ ಹಾಸಿಗೆ ಹಿಡಿದಳು. ಹಾಲಿಲ್ಲ. ಕೂಸನ್ನು ಸೋದರತ್ತೆ ಗುಬ್ಬಿಗೆ ಒಯ್ದಳು, ಅಲ್ಲೇ ಬೆಳೆಯಿತು. ಆ ಕಲ್ಲಿನ ಸದ್ದೂ ಅದು ಕೇಳಲಿಲ್ಲ.

ನನ್ನ ಮಗಳು ಸಂಧ್ಯಾಳ ಮದುವೆ. ಹಸೆಯ ಮುಂದೆ ನೇತ್ರಾ ಆಸೆಯಿಂದ ಸೋಬಾನೆ ಎತ್ತಿದಳು. ಎರಡನೇ ಸಾಲಿಗೆ ನಿಂತಳು. "ದೊಡ್ಡಗಂಗಮ್ಮನ ಮಗಳಾಗಿ ಇಷ್ಟೇನಾ? ಬುಡು" — ಅಂದವಳು ನಾನೇ. ಹೆಂಗಸರೆಲ್ಲ ನಕ್ಕರು. ನಾಲ್ಕು ವರ್ಷವಾಯಿತು, ನೇತ್ರಾ ನನ್ನ ಹೊಸಿಲು ತುಳಿದಿಲ್ಲ. ಫೋನೂ ಎತ್ತುವುದಿಲ್ಲ.

ಮಾರ್ಚ್ 28, ಶುಕ್ರವಾರ

ಯುಗಾದಿಗೆ ಮಾನಸಾ ಗುಬ್ಬಿಗೆ, ಅಮ್ಮನ ಮನೆಗೆ ಹೊರಟಳು. ಚಕ್ಕುಲಿ ಡಬ್ಬಿಯ ಮೇಲೆ ಚೀಟಿ ಇಟ್ಟೆ. ಮೂರು ಸಲ ಹರಿದು ಬರೆದದ್ದು. 'ತಪ್ಪು ನಂದು ನೇತ್ರಾ. ರಾಮನವಮಿಗೆ ಬಾ. ಅವ್ವನ ಪದ ನಾನು ಹೇಳ್ತೀನಿ, ನೀನು ಪಕ್ಕದಲ್ಲಿ ಕೂತ್ಕೋ.'

ನುಗ್ಗೆಯಲ್ಲಿ ಹಕ್ಕಿ ಎರಡು ಚೂರು ಹಾಡಿ ನಿಂತಿತು. ಕೇಳಿಸಿಕೊಂಡೆ.

ಬಾಗಿಲಲ್ಲಿ ಹೇಳಿದೆ — "ಬರುವಾಗ ನಿಮ್ಮಮ್ಮನ ಉತ್ತರ ತಗೊಂಡೇ ಬಾ ಕಣೇ. ಎರಡೇ ಸಾಲಿರ್ಲಿ, ನಂಗೆ ಅಷ್ಟು…"